ಹಳ್ಳದ ಬದಿಯ ಅಶೋಕ: ತೊಗಟೆ ಕೊಡಬೇಡಿ, ಸಸಿ ಮಾಡಿ

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಹಳ್ಳದ ಬದಿಯಲ್ಲಿ ಅಜ್ಜನ ಕಾಲದ ಅಶೋಕದ ಮರ ಇದೆ. ಔಷಧಿಗೆ ಬೇಕು ಅಂತ ಒಬ್ಬರು ತೊಗಟೆ ಕೇಳುತ್ತಿದ್ದಾರೆ, ಮರಕ್ಕೇನೂ ಆಗಲ್ಲ ಅಂತಾರೆ. ಕೊಡಬಹುದಾ ಸರ್? ಸಸಿ ಮಾಡೋಣ ಅಂತ ಎರಡು ವರ್ಷ ಬೀಜ ಒಣಗಿಸಿಟ್ಟು ಹಾಕಿದೆ, ಒಂದೂ ಹುಟ್ಟಲಿಲ್ಲ. ಪೇಟೆಯಿಂದ ತಂದ ಅಶೋಕ ಮಾತ್ರ ನೆಟ್ಟಗೆ ಮೇಲೆ ಹೋಗುತ್ತಿದೆ, ಬಣ್ಣದ ಹೂವೇ ಇಲ್ಲ.

ಉತ್ತರ: ದಯವಿಟ್ಟು ತೊಗಟೆ ಕೊಡಬೇಡಿ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದೇ ತೊಗಟೆಯ ಒಳಪದರದ ಮೂಲಕ. ಕಾಂಡದ ಸುತ್ತ ಕೆತ್ತಿದರೆ ಬೇರಿಗೆ ಊಟ ನಿಲ್ಲುತ್ತದೆ, ಮರ ನಿಧಾನವಾಗಿ ಒಣಗುತ್ತದೆ. ಅಶೋಕಾರಿಷ್ಟ ಎಂಬ ಆಯುರ್ವೇದ ಔಷಧಿಗೆ ಬಳಸುವುದು ಇದೇ ತೊಗಟೆ. ಹೀಗೆ ಕೆತ್ತಿ ಕೆತ್ತಿಯೇ ಘಟ್ಟದ ಕಾಡಿನಲ್ಲಿ ಅಶೋಕ ಕಡಿಮೆಯಾಯಿತು, ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯಾದ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಅಳಿವಿನ ಅಪಾಯ ಇರುವ ಮರಗಳ ಜೊತೆ ಸೇರಿತು. ನಿಮ್ಮ ಹಳ್ಳದ ಬದಿಯಲ್ಲಿ ಅದು ಇಷ್ಟು ವರ್ಷ ಉಳಿದಿರುವುದು ದೊಡ್ಡ ವಿಷಯ.

ಪೇಟೆಯಿಂದ ತಂದಿದ್ದು ಬಹುಶಃ ಕಂಬದ ಮರ. ಅದನ್ನೂ ಅಶೋಕ ಅಂತಲೇ ಮಾರುತ್ತಾರೆ, ಆದರೆ ಅದು ಸೀತಾಫಲದ ಕುಟುಂಬದ್ದು. ಅದರ ಎಲೆ ಉದ್ದ, ಅಂಚು ಅಲೆಅಲೆ, ಹೂವು ತಿಳಿಹಸಿರು. ನಿಜವಾದ ಅಶೋಕದಲ್ಲಿ ಒಂದೇ ತೊಟ್ಟಿಗೆ ಹಲವು ಜೋಡಿ ಎಲೆಗಳು ಇರುತ್ತವೆ, ಚಿಗುರು ತಾಮ್ರದ ಬಣ್ಣದಲ್ಲಿ ಜೋತು ಬೀಳುತ್ತದೆ, ಬೇಸಿಗೆ ಶುರುವಾಗುವ ಹೊತ್ತಿಗೆ ಹಳೆಯ ಕೊಂಬೆಗೇ ಅಂಟಿಕೊಂಡಂತೆ ಕಿತ್ತಳೆ ಬಣ್ಣದ ಗೊಂಚಲು ಬಂದು ಆಮೇಲೆ ಕೆಂಪಿಗೆ ತಿರುಗುತ್ತದೆ. ಸಂಜೆ ಹೊತ್ತು ಆ ಮರದ ಕೆಳಗೆ ನಿಂತರೆ ಘಮ ಬರುತ್ತದಲ್ವಾ?

ಈಗ ಬೀಜದ ವಿಷಯ. ನೀವು ಒಣಗಿಸಿದ್ದೇ ತಪ್ಪಾಗಿದೆ. ಅವರೆ, ತೊಗರಿ ಬೀಜದ ಹಾಗೆ ಇದನ್ನು ಒಣಗಿಸಿ ಡಬ್ಬಿಯಲ್ಲಿ ಇಡುವಂತಿಲ್ಲ, ತೇವ ಹೋದರೆ ಜೀವವೂ ಹೋಗುತ್ತದೆ. ಕಾಯಿ ಬಲಿತು ಕಂದುಗಪ್ಪಾಗಿ ಸಿಡಿಯುವ ಹೊತ್ತಿಗೆ ದಿನಾ ಒಂದು ಸಲ ಮರದ ಬುಡಕ್ಕೆ ಹೋಗಿ, ಇಲಿ, ಮಂಗ, ಹುಳ ಮುಟ್ಟುವ ಮೊದಲೇ ಗಟ್ಟಿ ಬೀಜ ಆರಿಸಿ. ತೂತು ಇರುವುದನ್ನು ಬಿಡಿ. ಒಂದು ರಾತ್ರಿ ನೀರಲ್ಲಿ ನೆನೆಸಿ ಮಾರನೇ ದಿನವೇ ಹಾಕಿ. ಕಾಡುಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಕಲಸಿದ ಉದ್ದನೆಯ ನರ್ಸರಿ ಕವರ್ ಸಾಕು. ಬೀಜದ ದಪ್ಪಕ್ಕಿಂತ ಜಾಸ್ತಿ ಆಳ ಬೇಡ. ಮೊಳಕೆಗೆ ಕೆಲವು ವಾರ ಬೇಕು, ನಡುವೆ ಅಗೆದು ನೋಡಬೇಡಿ. ಮಳೆ ನೀರು ನಿಂತು ಕೊಳೆಯದಂತೆ ಕವರಿಗೆ ತೂತು ಇರಲಿ.

ಸಾಧ್ಯವಾದರೆ ಅಕ್ಕಪಕ್ಕದ ತೋಟದ ಮರದಿಂದಲೂ ಬೀಜ ತನ್ನಿ. ಎಲ್ಲವೂ ಒಂದೇ ತಾಯಿಯ ಮಕ್ಕಳಾದರೆ ಮುಂದಿನ ಪೀಳಿಗೆಗೆ ಬಲ ಸಾಲದು.

ಸಸಿ ಒಂದು ವರ್ಷ ಕವರಲ್ಲೇ ಬೆಳೆಯಲಿ. ಮುಂದಿನ ಜೂನ್‌ನಲ್ಲಿ ಹಳ್ಳದ ಏರಿಯ ಮೇಲೆ, ನೆರಳಿರುವ ಕಡೆ ನೆಡಿ. ಎಳೆಯದಕ್ಕೆ ಬಿಸಿಲು ಆಗುವುದಿಲ್ಲ, ಆ ಲೆಕ್ಕದಲ್ಲಿ ಕಾಫಿ ತೋಟಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಬೆಳೆಯುವುದು ನಿಧಾನ, ಹೂವಿಗೆ ಹಲವು ವರ್ಷ ಕಾಯಬೇಕು. ಮೊದಲ ಎರಡು ಬೇಸಿಗೆ ಬುಡಕ್ಕೆ ದರಗು (ಒಣ ಎಲೆ) ಹಾಕಿ ನೀರು ಕೊಡಿ.

ಇನ್ನೊಂದು, ಹಳು (ಕಳೆ, ಪೊದೆ) ಹೊಡೆಯುವಾಗ ಇಂಥ ಸಸಿಗಳು ಗೊತ್ತಿಲ್ಲದೆ ಕತ್ತಿಗೆ ಸಿಗುವುದೇ ಜಾಸ್ತಿ. ಪ್ರತಿ ಸಸಿಗೂ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿ, ಕೆಲಸದವರನ್ನು ಕರೆದುಕೊಂಡು ಹೋಗಿ ನೀವೇ ತೋರಿಸಿ.