ಸ್ಯಾಂಟೊರಿನಿ: ಮಧ್ಯಾಹ್ನ ಚಪ್ಪಲಿಯಲ್ಲಿ ನೇಆ ಕಮೇನಿ ಹತ್ತಬೇಡಿ

ಗ್ರೀಸ್‌ನ ಸ್ಯಾಂಟೊರಿನಿ ದ್ವೀಪಕ್ಕೆ ನೀವು ಹಾಕಿದ ಪ್ಲಾನ್ ನೋಡಿದೆ. ಮಧ್ಯಾಹ್ನ 1 ಗಂಟೆಯ ದೋಣಿಗೆ ನೇಆ ಕಮೇನಿ ಎಂಬ ಜ್ವಾಲಾಮುಖಿ ದ್ವೀಪ, ಸಂಜೆ ಓಯಾ ಊರಲ್ಲಿ ಸೂರ್ಯಾಸ್ತ, ಪುರಾತನ ಊರು ಅಕ್ರೊತೀರಿ "ಟೈಮ್ ಸಿಕ್ಕರೆ" ಅಂತ ಬರೆದಿದ್ದೀರಿ. ಅದೂ ಜುಲೈನಲ್ಲಿ! ನಾನು ಮೊದಲ ಸಲ ಮಾಡಿದ್ದೂ ಇದನ್ನೇ. (ಓಯಾವನ್ನು "ಈಯಾ" ಅನ್ನಬೇಕು, ಓಯಾ ಅಂದರೆ ಬಸ್ಸಿನವರು ನಗುತ್ತಾರೆ.)

ನೇಆ ಕಮೇನಿಯಲ್ಲಿ ಒಂದು ಮರದ ನೆರಳೂ ಇಲ್ಲ. ಕಾಲಡಿ ಕಾದ ಕಪ್ಪು ಲಾವಾ ಜಲ್ಲಿ. ನನ್ನ ಹತ್ತಿರ ಇದ್ದದ್ದು ಅರ್ಧ ಲೀಟರ್ ನೀರು. ಅರ್ಧ ದಾರಿಯಲ್ಲೇ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಕುಂಟುತ್ತಾ ಮೇಲೆ ಹೋಗಿ, ಗಂಧಕದ ವಾಸನೆ ಕುಡಿದು, ಅಕ್ರೊತೀರಿಯನ್ನು ಬೂದಿಯಲ್ಲಿ ಹೂತ ಬೆಟ್ಟ ಇದೇ ಅಂತ ಫೋಟೊ ಹಾಕಿದ್ದೆ. ಅಲ್ಲ ಮಾರಾಯ್ರೆ! ಆ ಸ್ಫೋಟ ಕ್ರಿ.ಪೂ. 1600ರ ಸುಮಾರಿನದು. ಈ ದ್ವೀಪ ನೀರಿಂದ ಎದ್ದದ್ದು 1707ರಲ್ಲಿ, ಕೊನೆಯ ಸಲ ಉಗುಳಿದ್ದು 1950ರಲ್ಲಿ. ಹಳೇ ಗಾಯ ಅಂದರೆ ಸುತ್ತಲಿನ ಕಾಲ್ಡೆರಾ, ಸಮುದ್ರ ತುಂಬಿಕೊಂಡ ಸುಮಾರು 12 ಕಿ.ಮೀ. ಉದ್ದದ ಗುಂಡಿ. ಅದೂ ಒಂದೇ ಸಲಕ್ಕೆ ಆದದ್ದಲ್ಲ, ಹಲವು ಸಲ ಕುಸಿದದ್ದು.

ಹಾಗಾಗಿ ಬೆಳಗ್ಗೆ ಮೊದಲು ಅಕ್ರೊತೀರಿಗೆ ಹೋಗಿ. ಬೂದಿಯಡಿ ಹೂತಿದ್ದ ಊರು ಅದು. 1967ರಲ್ಲಿ ಗ್ರೀಕ್ ಪುರಾತತ್ವಜ್ಞ ಮಾರಿನಾತೋಸ್ ಅಗೆಯಲು ಶುರು ಮಾಡಿದರು. ಎರಡು-ಮೂರು ಅಂತಸ್ತಿನ ಮನೆ, ಸಾಲು ಹರವಿ, ಚರಂಡಿ ಎಲ್ಲ ಇದೆ. ಜ್ವಾಲಾಮುಖಿ ಬೂದಿಯಲ್ಲಿ ಹೂತುಹೋದ ಇಟಲಿಯ ಪೊಂಪೇ ಥರ ಹೆಣಗಳು ಸಿಕ್ಕಿಲ್ಲ. ಮೊದಲೇ ಭೂಕಂಪ ಆಗಿ ಜನ ಊರು ಬಿಟ್ಟಿದ್ದರು. ಗೋಡೆ ಚಿತ್ರಗಳನ್ನು ಅಲ್ಲಿ ಹುಡುಕಬೇಡಿ, ಕೆಲವು ದ್ವೀಪದ ಮುಖ್ಯ ಊರು ಫಿರಾದ ಮ್ಯೂಸಿಯಂನಲ್ಲಿವೆ, ಕೆಲವು ಅಥೆನ್ಸ್‌ನಲ್ಲಿ. ಫಿರಾದ ನೀಲಿ ಕೋತಿಗಳನ್ನಂತೂ ಬಿಡಬೇಡಿ. ಬಾಲ ಎತ್ತಿರುವ ರೀತಿ ನೋಡಿ, ಇವು ನಮ್ಮ ಕಡೆಯ ಮುಸುವ ಅಂತ ಕೆಲವು ತಜ್ಞರು ಹೇಳಿದ್ದಾರೆ. ಎಲ್ಲರೂ ಒಪ್ಪಿಲ್ಲ, ನನಗೆ ಮಾತ್ರ ಮುಸುವವೇ.

ಆಮೇಲೆ ಫಿರಾದಿಂದ ಕೆಳಗಿನ ಬಂದರಿಗೆ ಕೇಬಲ್ ಕಾರಿನಲ್ಲಿ ಇಳಿಯುವಾಗ ಸೆಲ್ಫಿ ಬಿಟ್ಟು ಬಂಡೆ ಕಡೆ ತಿರುಗಿ. ಕೆಂಪು, ಕಪ್ಪು, ಬೂದು ಪಟ್ಟಿಗಳಲ್ಲಿ ಒಂದೊಂದು ಸ್ಫೋಟದ ಲೆಕ್ಕ ಕಾಣುತ್ತದೆ. ಊರನ್ನು ಹೂತ ಬಿಳಿ ಪ್ಯೂಮಿಸ್ (ಸ್ಫೋಟದಲ್ಲಿ ಚಿಮ್ಮಿದ ಹಗುರ ಕಲ್ಲು) ಎಲ್ಲಕ್ಕಿಂತ ಮೇಲಿನ ಪದರ. ಅದನ್ನೇ ಅಗೆದು ಸೂಯೆಜ್ ಕಾಲುವೆ ಕೆಲಸಕ್ಕೆ ಸಾಗಿಸಿದ್ದರು. ಬಂದರಿನ ಮೆಟ್ಟಿಲುಗಳ ಮೇಲೆ ಕತ್ತೆ ಸವಾರಿ ಮಾತ್ರ ಬೇಡ. ಆ ಮೆಟ್ಟಿಲು, ಆ ಬಿಸಿಲು, ಪಾಪ ಅಲ್ವಾ?

ನೇಆ ಕಮೇನಿಗೆ ಬೆಳಗಿನ ಮೊದಲ ದೋಣಿ ಹಿಡಿಯಿರಿ, ಅದೂ ಎರಡನೇ ದಿನ. ಒಬ್ಬೊಬ್ಬರಿಗೆ ಕುಡಿಯಲು ಎರಡು ಲೀಟರ್ ನೀರು. ಶೂ ಡೆಕಾಥ್ಲಾನ್‌ನ ಕ್ವೆಚುವಾ ಸಾಕು, ಹದಿನೈದು ಸಾವಿರದ್ದು ಸುಮ್ನೆ ದಂಡ. ಹೊಸ ಶೂ ಆದರೆ ಊರಲ್ಲೇ ಒಂದು ವಾರ ಹಾಕಿ ಪಳಗಿಸಿ.

ಇನ್ನೊಂದು. ಸ್ಯಾಂಟೊರಿನಿಯ ದಾರಿಗಳಲ್ಲಿ ನೆಲದ ಮೇಲೆ ಬುಟ್ಟಿ ಹೆಣೆದ ಹಾಗೆ ಕಾಣುವುದು ದ್ರಾಕ್ಷಿ ಬಳ್ಳಿ, ತುಳಿದೀರಿ ಜೋಕೆ. ಗಾಳಿ ಜಾಸ್ತಿ ಅಂತ ಚಪ್ಪರ ಹಾಕುವುದಿಲ್ಲ. ಸಸ್ಯಾಹಾರಿಗಳಿಗೆ "ಫಾವಾ" ಸಿಗುತ್ತದೆ, ಕೇಸರಿ ಬೇಳೆಯ ಸಂಬಂಧಿ, ಗಟ್ಟಿ ತೊವ್ವೆ ಥರ. ಈರುಳ್ಳಿ ಬೇಡ ಅಂದರೆ ಮೊದಲೇ ಹೇಳಿ.