ನಾಲ್ಕು ಚೀಲ ಖಾಲಿ ಬಾಟಲಿ: ಎಲ್ಲವನ್ನೂ ತೋಟಕ್ಕೆ ಹಾಕಬೇಡಿ, ಸುಡಲಂತೂ ಬೇಡಿ

ಅಣ್ಣಾ, ಗೃಹಪ್ರವೇಶದ ನೀರಿನ ಬಾಟಲಿ ನಾಲ್ಕು ಚೀಲ ಉಳಿದಿದೆ, ಅಡಿಕೆ ಸಸಿ ಬುಡಕ್ಕೆ ತಲೆಕೆಳಗಾಗಿ ಹುಗಿದು ಹನಿ ನೀರು ಕೊಡಬಹುದಾ, ಮಿಕ್ಕಿದ್ದನ್ನು ಸಿಪ್ಪೆ ಜೊತೆ ಸುಡಬಹುದಾ ಅಂತ ಕೇಳಿದ್ದೀರಿ.

ಮೊದಲು ನಾನು ಮಾಡಿದ ಎಡವಟ್ಟು ಹೇಳ್ತೀನಿ. ಐದಾರು ವರ್ಷದ ಹಿಂದೆ ನಾನೂ ನೂರೈವತ್ತು ಬಾಟಲಿ ಹುಗಿದಿದ್ದೆ. ಮೊದಲ ಬೇಸಿಗೆ ಚೆನ್ನಾಗೇ ಆಯಿತು. ಮಳೆಗಾಲ ಬಂತು, ಕಳೆ ಬೆಳೆಯಿತು, ಬಾಟಲಿ ಎಲ್ಲಿದೆ ಅಂತಲೇ ಮರೆತೆ. ಕಳೆ ಹೊಡೆಯುವ ಮಷಿನ್ ಬ್ಲೇಡಿಗೆ ಸಿಕ್ಕಿ ಮೂವತ್ತು ನಲವತ್ತು ಪುಡಿಪುಡಿ. ಬಿಸಿಲಿಗೆ ಒಣಗಿದ್ದ ಪ್ಲಾಸ್ಟಿಕ್ ಅದು, ಹಪ್ಪಳದ ಹಾಗೆ ಸಿಡಿಯಿತು. ಉಗುರಿನಷ್ಟು ಚೂರುಗಳನ್ನು ಎಷ್ಟು ಅಂತ ಆರಿಸುವುದು? ಈಗಲೂ ಬುಡ ಬಿಡಿಸುವಾಗ ಮಣ್ಣಲ್ಲಿ ಮಿಣಮಿಣ ಅನ್ನುತ್ತವೆ. ಪ್ಲಾಸ್ಟಿಕ್ ಕೊಳೆಯುವುದಿಲ್ಲ, ಚೂರಾಗುತ್ತದೆ ಅಷ್ಟೇ. ಚೂರಾದ ಮೇಲೆ ತೆಗೆಯೋಕಾಗಲ್ಲ.

ಹಾಗಾಗಿ ನೀವು ಕಣ್ಣಿಟ್ಟು ನೋಡಿಕೊಳ್ಳಬಹುದಾದಷ್ಟೇ ಹಾಕಿ, ಮೊದಲ ವರ್ಷದ ಸಸಿಗೆ ಮಾತ್ರ. ದೊಡ್ಡ ಮರಕ್ಕೆ ಒಂದು ಲೀಟರ್ ಎಲ್ಲಿಗೂ ಸಾಲದು. ತಳ ಕತ್ತರಿಸಿ, ಮುಚ್ಚಳ ಕೆಳಗೆ ಮಾಡಿ ಹುಗಿಯಿರಿ, ಪಕ್ಕದಲ್ಲಿ ಎತ್ತರದ ಬಿದಿರು ಕಡ್ಡಿ ನೆಡಿ. ಮೇಲೆ ಅಡಿಕೆ ಹಾಳೆ ಕವುಚಿ ಹಾಕಿ. ಬಿಸಿಲೂ ತಡೆಯುತ್ತದೆ, ಸೊಳ್ಳೆಯೂ ಇಳಿಯುವುದು ಕಷ್ಟ. ಹಾಳೆ ಅಂಗಾತ ಬಿದ್ದರೆ ಮಾತ್ರ ಅದೇ ಸೊಳ್ಳೆ ತೊಟ್ಟಿಲು, ಗೊತ್ತಲ್ವಾ! ಡೆಂಗಿ ಸೊಳ್ಳೆಗೆ ಬಾಟಲಿ ಮುಚ್ಚಳದಷ್ಟು ನೀರು ಸಾಕು. ಮಳೆ ಹಿಡಿಯುವ ಮೊದಲು ಎಲ್ಲವನ್ನೂ ಎಣಿಸಿ ಕಿತ್ತುಬಿಡಿ.

ಸುಡುವುದು ಬೇಡವೇ ಬೇಡ. ಬಾಟಲಿ ಕರಗಿ ಕಪ್ಪು ಗಟ್ಟಿಯಾಗಿ ಬೂದಿಯಲ್ಲಿ ಉಳಿಯುತ್ತದೆ, ಆ ಬೂದಿ ಗೊಬ್ಬರದ ಗುಂಡಿಗೆ ಹೋಗುತ್ತದೆ. ಸುತ್ತಿರುವ ಲೇಬಲ್ ಕೆಲವು ಸಲ ಪಿವಿಸಿ ಪ್ಲಾಸ್ಟಿಕ್ ಇರುತ್ತದೆ, ಅದರ ಹೊಗೆಯಲ್ಲಿ ಡಯಾಕ್ಸಿನ್ ಅನ್ನುವ ವಿಷ ಬರುತ್ತದೆ. ಹಳ್ಳಕ್ಕೆ ಎಸೆಯುವವರೂ ಇದ್ದಾರೆ. ನಮ್ಮ ಹಳ್ಳ ತುಂಗೆಗೆ, ತುಂಗೆ ಕೂಡಲಿಯಲ್ಲಿ ಭದ್ರೆಗೆ, ಅಲ್ಲಿಂದ ಹೊಸಪೇಟೆ ಡ್ಯಾಮಿಗೆ. ಮುಚ್ಚಳ ಬಿಗಿಯಿದ್ದರೆ ತೇಲಿಕೊಂಡೇ ಹೋಗುತ್ತದೆ, ಇಲ್ಲದಿದ್ದರೆ ನೀರು ತುಂಬಿ ತಳ ಸೇರುತ್ತದೆ.

ಮಿಕ್ಕಿದ್ದನ್ನೆಲ್ಲ ಗುಜರಿಗೆ ಕೊಡಿ. ಬಾಟಲಿ ಪೆಟ್ ಪ್ಲಾಸ್ಟಿಕ್, ತಳದಲ್ಲಿ ತ್ರಿಕೋನದೊಳಗೆ 1 ಅಂತ ಇರುತ್ತದೆ. ಮುಚ್ಚಳ ಬೇರೆ ಜಾತಿ. ಎರಡರಿಂದಲೂ ಒಂದೊಂದು ಚೂರು ಕತ್ತರಿಸಿ ಬಕೆಟ್ ನೀರಿಗೆ ಹಾಕಿ ನೋಡಿ: ಬಾಟಲಿ ಚೂರು ಮುಳುಗುತ್ತದೆ, ಮುಚ್ಚಳ ತೇಲುತ್ತದೆ. ಕಾರ್ಖಾನೆಯಲ್ಲೂ ಬೇರ್ಪಡಿಸುವುದು ಹೀಗೇ. ಮುಚ್ಚಳ ಬಿಚ್ಚಿ, ತುಳಿದು ಚಪ್ಪಟೆ ಮಾಡಿದರೆ ನಾಲ್ಕು ಚೀಲ ಒಂದೂವರೆ ಚೀಲ ಆಗುತ್ತದೆ. ಮಣ್ಣು ಮೆತ್ತಿದ್ದರೆ ರೇಟು ಇಳಿಸುತ್ತಾರೆ. ಪೆಟ್ ಕರಗಿಸಿ ಎಳೆದರೆ ಪಾಲಿಯೆಸ್ಟರ್ ನೂಲು. ಹಾಗಂತ ಸಮಾಧಾನ ಬೇಡ, ಆ ಬಟ್ಟೆ ಒಗೆದಾಗಲೂ ಸಣ್ಣ ಪ್ಲಾಸ್ಟಿಕ್ ಎಳೆ ಉದುರುತ್ತದೆ.

ಇನ್ನೊಂದು ಮಾತು, ಖಾಲಿ ಬಾಟಲಿಗೆ ಕಳೆನಾಶಕ, ಮೈಲುತುತ್ತದ ನೀರು ತುಂಬಿಸಿ ಕೊಟ್ಟಿಗೆ ಮೂಲೆಯಲ್ಲಿ ಇಡಬೇಡಿ. ಬಾಯಾರಿದ ಆಳು ಎತ್ತಿ ಕುಡಿದರೆ ಮುಗಿಯಿತು.

ನೀರಿನ ಬಾಟಲಿ ಬ್ಯಾನ್ ಆಗಿದೆಯಲ್ಲ ಅನ್ನುವವರೂ ಇದ್ದಾರೆ. 2022ರ ಜುಲೈ 1ರಿಂದ ಕೇಂದ್ರ ಸರ್ಕಾರ ಬ್ಯಾನ್ ಮಾಡಿದ, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಪಟ್ಟಿಯಲ್ಲಿ ತಟ್ಟೆ, ಲೋಟ, ಸ್ಟ್ರಾ ಇವೆ, ನೀರಿನ ಬಾಟಲಿ ಇಲ್ಲ. ನೆಂಟರಿಗೆ ಬಾಟಲಿ ನೀರೇ ಶುದ್ಧ ಅಂದವರಿಗೆ: 2024ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಅಲ್ಲಿನ ಬಾಟಲಿ ನೀರು ಪರೀಕ್ಷಿಸಿದಾಗ ಲೀಟರಿಗೆ ಸರಾಸರಿ ಸುಮಾರು 2.4 ಲಕ್ಷ ಪ್ಲಾಸ್ಟಿಕ್ ಕಣ ಸಿಕ್ಕಿದ್ದವು. ನಮ್ಮ ಮನೆಯ ಕಳೆದ ಕಾರ್ಯಕ್ಕೆ ಕಾದಾರಿದ ನೀರು, ಸ್ಟೀಲ್ ಲೋಟ, ತೊಳೆಯಲು ಇಬ್ಬರು. ಬಾಟಲಿಯ ಖರ್ಚಿಗಿಂತ ಜಾಸ್ತಿ ಆಗಲಿಲ್ಲ.

ಕೊನೆಗೆ, ಸಸಿ ಬುಡಕ್ಕೆ ಹುಗಿಯುವ ಬಾಟಲಿಯಲ್ಲಿ ನೀರು ಹನಿಯುವ ತೂತನ್ನು ಮುಚ್ಚಳಕ್ಕೆ ಹಾಕಿ, ಬಾಟಲಿಗಲ್ಲ. ಸೂಜಿ ಕಾಯಿಸಿ ಒಂದೇ ಚುಚ್ಚು. ನೀರು ಬೇಗ ಇಳಿದರೆ ಮುಚ್ಚಳವೊಂದನ್ನೇ ಬದಲಾಯಿಸಿದರಾಯಿತು.