ಬೆನ್ನುಹುರಿಗೆ ಪೆಟ್ಟಾದ ಗಂಡನ ಆರೈಕೆ ಮಾಡುತ್ತ ಅವರ ಮೇಲೆಯೇ ಸಿಟ್ಟಾಗುವ ನಾನು ಕೆಟ್ಟವಳೇ?

ಎಂಟು ತಿಂಗಳ ಹಿಂದೆ ನಿಮ್ಮ ಪತಿಯ ಬೆನ್ನುಹುರಿಗೆ ಪೆಟ್ಟಾದಂದಿನಿಂದ ಅವರ ಆರೈಕೆಯನ್ನೆಲ್ಲ ಒಬ್ಬರೇ ನೋಡಿಕೊಳ್ಳುತ್ತಿರುವುದಾಗಿಯೂ, ಮಗ್ಗುಲು ಬದಲಿಸಲು ರಾತ್ರಿ ಏಳುವಾಗ ಅವರ ಮೇಲೆ ವಿಪರೀತ ಸಿಟ್ಟು ಬಂದು ಬೆಳಿಗ್ಗೆ ಅದಕ್ಕಾಗಿ ನಾಚಿಕೆಯಾಗುವುದಾಗಿಯೂ ಬರೆದಿದ್ದೀರಿ. ನೀವು ಕೆಟ್ಟವರಲ್ಲ. ಆರು ವರ್ಷಗಳಿಂದ ಪತ್ನಿಯ ಆರೈಕೆ ಮಾಡುತ್ತಿರುವವನಾಗಿ ಈ ಮಾತು ಹೇಳುತ್ತಿದ್ದೇನೆ. ಅವಳಿಗೆ ಪೆಟ್ಟಾದದ್ದು ಕತ್ತಿನ ಆರನೆಯ ಕಶೇರುಕದ, ಅಂದರೆ ಬೆನ್ನುಮೂಳೆಯ ಮಣಿಯ, ಮಟ್ಟದಲ್ಲಿ. ಮೊಣಕೈ ಮಡಿಸುವ, ಮಣಿಕಟ್ಟು ಎತ್ತುವ ಶಕ್ತಿ ಉಳಿದಿದೆ, ಬೆರಳುಗಳಲ್ಲಿಯೂ ಕಾಲುಗಳಲ್ಲಿಯೂ ಬಲವಿಲ್ಲ.

ಆರೈಕೆ ಮಾಡುವವರ ಹೊರೆಯನ್ನು ಅಳೆಯಲು ಸ್ಟೀವನ್ ಜರಿಟ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದ ಒಂದು ಪ್ರಶ್ನಾವಳಿಯಿದೆ. ಮರೆಗುಳಿತನವಿರುವ ಹಿರಿಯರ ಮನೆಯವರಿಗಾಗಿ ಹುಟ್ಟಿದ ಅದನ್ನು ಈಗ ಬೆನ್ನುಹುರಿಯ ಪೆಟ್ಟಿನ ಕುಟುಂಬಗಳಲ್ಲಿಯೂ ಬಳಸುತ್ತಾರೆ. ರೂಢಿಯಲ್ಲಿರುವ ಅದರ 22 ಪ್ರಶ್ನೆಗಳಲ್ಲಿ ಒಂದು, ರೋಗಿಯ ಹತ್ತಿರ ಇರುವಾಗ ನಿಮಗೆ ಸಿಟ್ಟು ಬರುತ್ತದೆಯೇ ಎಂಬುದು. ನಾನು ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದ ಸಂಗತಿಯನ್ನು ತಜ್ಞರು ಎಂದೋ ಊಹಿಸಿ, ಅಚ್ಚು ಹಾಕಿಸಿ, ಎಲ್ಲರನ್ನೂ ಕೇಳುತ್ತಿದ್ದಾರೆಂದು ತಿಳಿದ ದಿನ ನನಗೆ ಒಂದು ಬಗೆಯ ನಗುವೇ ಬಂದಿತ್ತು.

ಆ ಸಿಟ್ಟಿನ ಬೇರು ಬಹುಮಟ್ಟಿಗೆ ನಿದ್ದೆಗೇಡಿನಲ್ಲಿದೆ ಎಂಬುದು ನನ್ನ ಅನುಭವ. ಒತ್ತಡದ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕ್ರಮವನ್ನು ನರರೋಗ ತಜ್ಞ ಲುಡ್ವಿಗ್ ಗುಟ್‌ಮನ್ ಅವರು 1944ರಿಂದ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಕಟ್ಟುನಿಟ್ಟಾಗಿ ನಡೆಸಿದರು. ಆದರೆ ಅಲ್ಲಿ ಅದಕ್ಕೆ ಪಾಳಿಯ ಮೇಲೆ ಬರುವ ಸಿಬ್ಬಂದಿಯಿದ್ದರು. ನೀವು ಆ ಪಾಳಿಗಳನ್ನೆಲ್ಲ ಒಬ್ಬರೇ ಮಾಡುತ್ತಿದ್ದೀರಿ. ಒತ್ತಡ ತಗ್ಗಿಸುವ ಒಳ್ಳೆಯ ಹಾಸಿಗೆಯಿದ್ದು, ಚರ್ಮದ ಮೇಲೆ ಮಾಸದ ಕೆಂಪು ಕಲೆ ಉಳಿಯದಿದ್ದರೆ, ಈ ಅವಧಿಯನ್ನು ವೈದ್ಯರ ಸಲಹೆಯಂತೆ ಸ್ವಲ್ಪಸ್ವಲ್ಪವೇ ಹೆಚ್ಚಿಸಲು ಸಾಧ್ಯವಾಗಬಹುದು. ನಮ್ಮಲ್ಲಿ ಅದು ನಾಲ್ಕು ಗಂಟೆಗೆ ಬಂದಾಗ, ನನ್ನ ಸ್ವಭಾವದ ದೋಷವೆಂದು ನಾನು ತಿಳಿದಿದ್ದ ಎಷ್ಟೋ ಸಂಗತಿಗಳು ಒಂದೆರಡು ವಾರಗಳಲ್ಲಿ ತಾವಾಗಿಯೇ ಕಡಿಮೆಯಾದವು.

ನಿದ್ದೆಗೇಡನ್ನು ಬಿಟ್ಟರೆ ಹೆಚ್ಚು ದಣಿಸುವುದು ಸದಾ ಕಿವಿ ನಿಮಿರಿಸಿಕೊಂಡಿರುವ ಸ್ಥಿತಿ. ಎದೆಯ ಆರನೆಯ ಕಶೇರುಕದ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ, ಮೂತ್ರ ಹೊರಹಾಕುವ ಕ್ಯಾತಿಟರ್ ಕೊಳವೆ ಮಡಚಿಕೊಂಡು ಮೂತ್ರಕೋಶ ತುಂಬಿದಂಥ ಕಾರಣಕ್ಕೂ ರಕ್ತದೊತ್ತಡ ಏಕಾಏಕಿ ಅಪಾಯದ ಮಟ್ಟಕ್ಕೆ ಏರಬಹುದು. ತಲೆ ಸಿಡಿಯುವಂತಾಗಿ ಮುಖ ಬೆವರಿದರೆ ಕೂಡಲೇ ನೆಟ್ಟಗೆ ಕೂರಿಸಿ, ಬಿಗಿಯಾದ ಬಟ್ಟೆ ಸಡಿಲಿಸಿ, ಕಾರಣ ಹುಡುಕಿ ನಿವಾರಿಸಬೇಕು; ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಇದು ತಿಳಿದವರು ಮನೆಯಲ್ಲಿ ಒಬ್ಬರೇ ಆಗಿದ್ದರೆ ಅವರು ಹೊರಗೆ ಹೋದರೂ ಮನಸ್ಸು ಮನೆಯಲ್ಲಿಯೇ ಉಳಿಯುತ್ತದೆ. ಆದ್ದರಿಂದ ನಾನು ಇದನ್ನೂ ಕ್ಯಾತಿಟರ್ ಕೆಲಸವನ್ನೂ ನನ್ನ ಅಕ್ಕನಿಗೆ ಕಲಿಸಿದೆ. 'ಏನಾದರೂ ಬೇಕಿದ್ದರೆ ಹೇಳಿ' ಎನ್ನುವವರಿಗೆ ದಿನ, ವೇಳೆ ಮತ್ತು ಕೆಲಸವನ್ನು ಹೆಸರಿಸಿ ಹೇಳಿಬಿಡಿ. ಸಂಕೋಚಪಟ್ಟು ನಾನು ಎರಡು ವರ್ಷ ಕಳೆದುಕೊಂಡೆ.

ಒಂದು ಸಂಜೆ ನಾನು ಕೋಣೆಗೆ ಬಂದು ಮೂತ್ರದ ಚೀಲ ನೋಡಿ ಹೊರಟಾಗ ಪತ್ನಿ ಕರೆದು, 'ಬಂದಿರಿ, ಚೀಲ ನೋಡಿದಿರಿ, ಹೊರಟಿರಿ. ನನ್ನ ಮುಖ ನೋಡಲಿಲ್ಲ' ಎಂದಳು. ನಾನು ದಾದಿಯಾಗಿ ಪಳಗಿದ್ದೆ, ಗಂಡನಾಗಿರುವುದನ್ನು ಮಾತ್ರ ಎಲ್ಲೋ ಬಿಟ್ಟಿದ್ದೆ. ಅಂದಿನ ಮಾತುಕತೆಯ ನಂತರ ವೇಳೆ ಕಾಯುವ ಹೊಣೆಯನ್ನು ಅವಳೇ ವಹಿಸಿಕೊಂಡಳು. ಕ್ಯಾತಿಟರ್, ಮಾತ್ರೆ, ಗಾಲಿಕುರ್ಚಿಯಲ್ಲಿ ಕುಳಿತಾಗ ಭಾರ ಸರಿಸುವುದು, ಎಲ್ಲಕ್ಕೂ ಫೋನಿನಲ್ಲಿ ಅವಳದೇ ಅಲಾರಂ. ದೇಹ ಅವಳದು, ಅದರ ಯಜಮಾನಿಕೆಯೂ ಅವಳದೇ. ಕೈಗಳನ್ನಷ್ಟೇ ನಾನು ಕೊಡುತ್ತೇನೆ. ನನ್ನ ತಲೆ ಹಗುರಾಯಿತು, ಅವಳ ಸಿಡುಕೂ ಕಡಿಮೆಯಾಯಿತು. ನಿಮ್ಮ ಪತಿಗೆ ಕೈ ಆಡದಿದ್ದರೂ ಬಾಯಿಮಾತಿನಲ್ಲಿ ತಮ್ಮ ಆರೈಕೆಯನ್ನು ತಾವೇ ನಡೆಸಬಲ್ಲರು. ಎಲ್ಲ ದಿನವೂ ಇದು ನಡೆಯುತ್ತದೆಂದಲ್ಲ. ಸೋಂಕು ತಗುಲಿ ಜ್ವರ ಬಂದ ವಾರಗಳಲ್ಲಿ ಮತ್ತೆ ಹಳೆಯದೇ ಪಾಡು.

ಬದುಕೇ ಬೇಡವೆಂಬ ಯೋಚನೆ ಇಬ್ಬರಲ್ಲಿ ಯಾರಿಗೆ ಬಂದರೂ, ಅಥವಾ ಸಿಟ್ಟು ಕೈ ಮಾಡುವ ಹಂತಕ್ಕೆ ಬಂದರೂ, ಕಾಯದೆ ಆ ದಿನವೇ ವೈದ್ಯರಿಗೆ ತಿಳಿಸಿ. ಅಷ್ಟಿಲ್ಲದಿದ್ದರೂ ಎರಡು ವಾರ ಕಳೆದರೂ ಯಾವುದರಲ್ಲಿಯೂ ಆಸಕ್ತಿ ಮೂಡದಿದ್ದರೆ ಅದು ಖಿನ್ನತೆಯಿರಬಹುದು, ಅದಕ್ಕೆ ಚಿಕಿತ್ಸೆಯಿದೆ. ಪತಿಯ ತಪಾಸಣೆಗೆ ಹೋದಾಗ ವೈದ್ಯರು ನಿಮ್ಮನ್ನು ಹೇಗಿದ್ದೀರೆಂದು ಕೇಳದೇ ಇರಬಹುದು. ನೀವೇ ಹೇಳಿ, ಮತ್ತು ಮೊದಲು ಹಾಸಿಗೆಯ ವಿಷಯ ಕೇಳಿ.